ವಿದ್ಯುನ್ಮಂಡಲ

ದ್ಯುತ್ ಧಾತುವಿಗೆ ‘ವಿ’ ಉಪಸರ್ಗ ಸೇರಿ, ವಿಶೇಷವಾಗಿ ಬೆಳಗುವುದೆಂಬ ಅರ್ಥದಲ್ಲಿ ಹುಟ್ಟಿದ ‘ವಿದ್ಯುತ್’ ಶಬ್ದವು, ಮುಗಿಲ ಮಿಂಚನ್ನು ಸೂಚಿಸುತ್ತಿದ್ದುದು, ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದ ಶಕ್ತಿಗೂ ಸಲ್ಲುವ ಹೆಸರಾಯಿತು. ಅದರ ಕಡೆಯ ತಕಾರ ಮಕಾರದೆದುರು ನಕಾರವಾಗಿ ‘ವಿದ್ಯುನ್ಮಂಡಲ’ವೆಂಬ ಸಮಾಸ ಸಿದ್ಧಿಸುತ್ತದೆ.

ಮಂಡಲವೆಂದರೆ ವರ್ತುಲ. ಸೂರ್ಯಮಂಡಲದಿಂದ ನಾಟಿವೈದ್ಯರು ವಿಧಿಸುವ 48 ದಿನಗಳ ಪಥ್ಯದವರೆಗೆ ಹಬ್ಬಿದ ಈ ಪದವು ಇಲ್ಲಿ ಅತ್ಯಂತ ಸಾರ್ಥಕವಾಗಿದೆಯೆಂದು ನನ್ನ ಅಭಿಮತ; ಏಕೆಂದರೆ ಫೇಸಿನ ತಂತಿಯಿಂದ ಸ್ವಿಚ್ಚಿಗೆ, ಅಲ್ಲಿಂದ ಬಲ್ಬಿಗೆ, ಬಲ್ಬಿನಿಂದ ನ್ಯೂಟ್ರಲ್ಲಿಗೆ ಸಾಗುವ ಹಾದಿಯು ಎಲ್ಲಿಯೂ ಕಡಿಯದೆ ಸುತ್ತು ಮುಗಿಸಿದ ಹೊರತು ದೀಪವು ಬೆಳಗದು. ಸ್ವಿಚ್ಚು ಆ ಸುತ್ತನ್ನು ಬೇಕೆಂದೇ ಮುರಿಯುವ ಬಾಗಿಲು; ಫ್ಯೂಸು, ಪ್ರವಾಹ ಮಿತಿಮೀರಿದಾಗ ತಾನೇ ಕರಗಿ ಮುರಿಯುವ ಬಾಗಿಲು. ಮನೆಯ ದೀಪಗಳನ್ನು ಒಂದೇ ಸರಣಿಯಲ್ಲಿ ಪೋಣಿಸದೆ, 230 ವೋಲ್ಟಿನ ಎರಡು ತಂತಿಗಳ ನಡುವೆ ಸಮಾಂತರವಾಗಿ ಇಡುವುದರಿಂದ, ಒಂದು ಸುಟ್ಟರೂ ಮಿಕ್ಕವು ಉರಿಯುತ್ತಲೇ ಇರುತ್ತವೆ.

ಪೀಣ್ಯದ ನೆರೆಯ ಹೆಗ್ಗನಹಳ್ಳಿಯಲ್ಲಿ, ಲೇತು ತಿರುಗುವ ಸಣ್ಣ ಶೆಡ್ಡುಗಳ ನಡುವೆ, ಈ ಪಂಡಿತಪದವನ್ನು ಯಾರೂ ಆಡರು. ‘ಕರೆಂಟು ಹೋಯ್ತು’, ‘ಕರೆಂಟು ಬಂತು’ ಎಂದು ಅದನ್ನು ನೆಂಟನಂತೆ ಬರಮಾಡಿಕೊಂಡು ಬೀಳ್ಕೊಡುತ್ತಾರೆ. ಓಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದಕ್ಕೆ ಇದೂ ಒಪ್ಪುವ ನಡೆಯೇ. ‘ಒಂದು ಫೇಸು ಇಲ್ಲ’ ಎಂದರಂತೂ, ಮೂರು ಫೇಸಿನ ಮೋಟಾರು ತಿರುಗದೆ ಗುಂಯ್‌ಗುಟ್ಟುತ್ತ ಕಾಯುತ್ತಿದೆ, ಬೇಗ ಆಫ್ ಮಾಡಿ ಎಂದರ್ಥ.