ಪಾಕಶಾಸ್ತ್ರವೂ ಮನೆಯ ಒಲೆಯೂ

ಒಲೆಯ ಮುಂದಿನ ಕೆಲಸವು ಹೆಣ್ಣಿಗೆ ಹುಟ್ಟಿನಿಂದಲೇ ಬಂದುದೆಂದೂ, ಗಂಡಸಿಗೆ ಅದು ಒಗ್ಗದೆಂದೂ ಹೇಳುವ ರೂಢಿ ನಮ್ಮಲ್ಲುಂಟು. ನಮ್ಮ ಪ್ರಾಚೀನ ಗ್ರಂಥಗಳನ್ನು ನೋಡಿದರೆ ಈ ಮಾತಿಗೆ ಆಧಾರ ದೊರೆಯದು.

ಸೊಗಸಾದ ಅಡಿಗೆಯನ್ನು ನಾವು ನಳಪಾಕವೆನ್ನುತ್ತೇವೆ, ಭೀಮಪಾಕವೆನ್ನುತ್ತೇವೆ. ಅದಕ್ಕೆ ದಮಯಂತಿಯ ಹೆಸರನ್ನಾಗಲಿ ದ್ರೌಪದಿಯ ಹೆಸರನ್ನಾಗಲಿ ಇಟ್ಟಿಲ್ಲ. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೂ ಸ್ಥಾನವಿದೆ. 16ನೆಯ ಶತಮಾನದ ಆದಿಭಾಗದಲ್ಲಿದ್ದ ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದು, ಹಿಟ್ಟಿನ ತಿನಿಸುಗಳನ್ನೂ ಪಾನಕಗಳನ್ನೂ ಬದನೆಯ ಬಗೆಬಗೆಯ ಪಾಕಗಳನ್ನೂ ವರ್ಣಿಸಿರುವನು. ಪುರುಷನ ಕೈಗೆ ಅಡಿಗೆ ಒಗ್ಗದೆಂಬುದು ಹೇಗೆ ನಿಂತೀತು?

ಆದರೆ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ನಳನು ಪಾಕ ಮಾಡಿದುದು ಋತುಪರ್ಣನ ಸೇವಕನಾಗಿ. ಭೀಮನು ವಿರಾಟನ ಬಾಣಸಿಗನಾಗಿ. ಪುರುಷನ ಅಡಿಗೆಯು ಅರಮನೆ, ದೇವಾಲಯ, ಮದುವೆಯ ಚಪ್ಪರಗಳಲ್ಲಿ ಮನ್ನಣೆಯನ್ನೂ ಸಂಭಾವನೆಯನ್ನೂ ಪಡೆಯಿತು. ದಿನದಿನದ ಒಲೆಯು ಗೃಹಿಣಿಯ ಪಾಲಿಗೆ ಉಳಿಯಿತು.

ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿವ ಊಳಿಗದಲ್ಲಿದ್ದ ಹೊನ್ನಮ್ಮನು ಸತಿಯ ನಡೆವಳಿಯನ್ನು ಕುರಿತು ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಹೆಣ್ಣನ್ನು ಹೀಗಳೆಯುವವರನ್ನು ಆಕೆ ಖಂಡಿಸಿರುವಳು. ಆದರೂ ಮನೆಯ ಭಾರವನ್ನು ಹೆಣ್ಣಿನ ಮೇಲೆಯೇ ಇರಿಸಿರುವಳು. ಹೀಗೆ ಮನೆಯ ಕೆಲಸವು ಗಂಡಿಗೆ ಶಾಸ್ತ್ರವಾಯಿತು, ಹೆಣ್ಣಿಗೆ ಧರ್ಮವಾಯಿತು. ಶಾಸ್ತ್ರವನ್ನು ಬೇಕಾದವನು ಕಲಿಯಬಹುದು, ಬೇಡವಾದವನು ಬಿಡಬಹುದು. ಧರ್ಮವನ್ನು ಒಂದು ದಿನವೂ ಬಿಡುವಂತಿಲ್ಲ.

12ನೆಯ ಶತಮಾನದ ಶರಣರಲ್ಲಿ ಬೇರೊಂದು ದಾರಿಯ ಸುಳಿವು ಕಾಣುವುದು. ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಮ್ಮೆ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಅದನ್ನು ಹಿಂದಿರುಗಿಸೆಂದು ಪತ್ನಿ ಲಕ್ಕಮ್ಮನು ವಿಧಿಸಿದಳೆಂದು ಪರಂಪರೆ ಹೇಳುವುದು. ಪತಿಯ ಕಾಯಕವನ್ನು ತೂಗಿ ನೋಡುವ ಅಧಿಕಾರ ಆಕೆಗಿದ್ದಿತು. ಆದರೆ ಆ ಅಕ್ಕಿಯನ್ನು ಬೇಯಿಸುವ ಪಾಲು ಅಲ್ಲಿಯೂ ಆಕೆಯದೇ.

ಇಂದಿನ ಲೆಕ್ಕವೂ ಬಹಳ ಬೇರೆಯಾಗಿಲ್ಲ. ಭಾರತ ಸರ್ಕಾರದ 2024ರ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನೂ, ಪುರುಷರು 88 ನಿಮಿಷಗಳನ್ನೂ ಅದಕ್ಕೆ ವಿನಿಯೋಗಿಸುವರು. ತೊಡಗದೆಯೇ ಇರುವ ಪುರುಷರೇ ಹೆಚ್ಚು.

ನಳನ ಹೆಸರನ್ನು ಹೊಗಳುವ ಗೃಹಸ್ಥನು ತನ್ನ ಮನೆಯ ಒಲೆಯನ್ನು ದಿನಕ್ಕೊಮ್ಮೆಯಾದರೂ ಹೊತ್ತಿಸಿದರೆ, ಅದು ನಮ್ಮ ಪೂರ್ವಿಕರ ವಿದ್ಯೆಗೆ ವಿರುದ್ಧವಾಗದು. ಅದರ ಮುಂದುವರಿಕೆಯೇ ಆಗುವುದು.