ಬೇಳೆಗೆ ಆಗದ ನೀರು ಬಿಯರ್‌ಗೆ ಆದೀತೆ?

ನೀವು ಬಂಕಾಪುರದವರಾಗಿರಲಿ, ಬೆಂಗಳೂರಿನವರಾಗಿರಲಿ, ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಬೇಯಲು ಹಟ ಹಿಡಿಯುವುದನ್ನು ಕಂಡಿರುತ್ತೀರಿ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯಲ್ಲಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಗಟ್ಟಿಯಾಗಿಸುತ್ತದೆ. ಅದಕ್ಕೇ ಮನೆಯವರು ಚಿಟಿಕೆ ಅಡುಗೆ ಸೋಡಾ ಹಾಕುತ್ತಾರೆ. ಸೋಡಾ ಎಂದರೆ ಬೈಕಾರ್ಬೊನೇಟ್. ಅಂದರೆ ಬೇಳೆಗೆ ಕ್ಯಾಲ್ಸಿಯಂ ಶತ್ರು, ಬೈಕಾರ್ಬೊನೇಟ್ ಮಿತ್ರ. ಬಿಯರ್‌ನ ವಿಷಯದಲ್ಲಿ ಇದು ತಲೆಕೆಳಗು. ಇದನ್ನು ಅರಿಯಲು ಯೂರೋಪಿನವರಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳು ಜಿಪ್ಸಮ್ ಪದರಗಳ ನಡುವೆ ಇವೆ. ಅಲ್ಲಿನ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 250 ಮಿ.ಗ್ರಾಂ.ನ ಆಸುಪಾಸು, ಸಲ್ಫೇಟ್ ಅದಕ್ಕಿಂತ ಎಷ್ಟೋ ಹೆಚ್ಚು. ಬೇಳೆ ಬೇಯಿಸಲು ಕಡುಕಷ್ಟದ ನೀರು! ಆದರೆ 1820ರ ದಶಕದಿಂದ ಹಡಗೇರಿ ಭಾರತಕ್ಕೆ ಬರುತ್ತಿದ್ದ ತಿಳಿಬಣ್ಣದ ಕಹಿ ಬಿಯರ್ ತಯಾರಾದದ್ದು ಇದೇ ನೀರಿನಿಂದ. ಲಂಡನ್ನಿನವರು ಅದನ್ನು ಅನುಕರಿಸಹೊರಟರೆ ರುಚಿ ಬರಲಿಲ್ಲ. ಅಲ್ಲಿನ ನೀರೂ ಗಡಸೇ. ಕಪ್ಪು ಬಿಯರ್‌ಗೆ ಮಾತ್ರ ಅದು ಹೇಳಿ ಮಾಡಿಸಿದಂತಿತ್ತು. ಇತ್ತ ಬೊಹೆಮಿಯಾದ ಪಿಲ್ಸೆನ್‌ನಲ್ಲಿ ಜೋಸೆಫ್ ಗ್ರೋಲ್ 1842ರಲ್ಲಿ ಹೊಂಬಣ್ಣದ ಬಿಯರ್ ಇಳಿಸಿದಾಗ ಬಳಸಿದ್ದು ಮಳೆನೀರಿನಷ್ಟೇ ಮೆದುವಾದ ನೀರು.

ಗಡಸು ನೀರಿನಲ್ಲೂ ತಿಳಿ ಬಿಯರ್, ಮೆದು ನೀರಿನಲ್ಲೂ ತಿಳಿ ಬಿಯರ್. ಹಾಗಾದರೆ ತೊಡಕು ಗಡಸುತನದಲ್ಲಿಲ್ಲ, ಅಲ್ಲವೆ?

ಮೊದಲ ಸುಳಿವು ಬಿಯರ್ ತಯಾರಕರಿಂದ ಬರಲಿಲ್ಲ. ಗಡಸುತನವನ್ನು ಸಾಬೂನಿನ ನೊರೆಯಿಂದ ಅಳೆಯುವ ಕ್ರಮ ತಂದ ಅಬರ್ಡೀನ್‌ನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್, 1841ರಲ್ಲಿ ನೀರಿಗೆ ಸುಣ್ಣ ಹಾಕಿಯೇ ಅದನ್ನು ಮೆದುಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಈ ವಿಧಾನ ತೆಗೆಯುವುದು ಬೈಕಾರ್ಬೊನೇಟ್ ರೂಪದ ಗಡಸನ್ನು, ಎಂದರೆ ಕುದಿಸಿದರೂ ಹೋಗುವ 'ತಾತ್ಕಾಲಿಕ' ಗಡಸುತನವನ್ನು. ನಿಮ್ಮ ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಹಕ್ಕಳೆ ಅದೇ. ಜಿಪ್ಸಮ್‌ನ ಗಡಸುತನ ಕುದಿಸಿದರೆ ಹೋಗದು. 1878ರಲ್ಲಿ ರಸಾಯನಜ್ಞ ವಿನ್ಸೆಂಟ್ ಬೇರೆ ಊರಿನ ನೀರಿಗೆ ಜಿಪ್ಸಮ್ ಬೆರೆಸಿ ಬರ್ಟನ್ ನೀರನ್ನು ಅನುಕರಿಸುವ ದಾರಿ ತೋರಿಸಿದರು. ದಾರಿ ಸಿಕ್ಕಿತು, ಕಾರಣ ಸಿಕ್ಕಿರಲಿಲ್ಲ.

ಕಾರಣ ತಿಳಿಯಲು ಆಮ್ಲತೆಯನ್ನು ಅಳೆಯುವ ಮಾಪಕ ಬೇಕಿತ್ತು. ಅದು ಹುಟ್ಟಿದ್ದೂ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ! 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ ಪಿಎಚ್ ಮಾನವನ್ನು ಮಂಡಿಸಿದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬಿಸಿನೀರಿನಲ್ಲಿ ನೆನೆಸಿದಾಗ ಆ ಗಂಜಿಯ ಪಿಎಚ್ 5.2ರಿಂದ 5.6ರ ನಡುವೆ ಇದ್ದರೆ ಪಿಷ್ಟ ಚೆನ್ನಾಗಿ ಸಕ್ಕರೆಯಾಗುತ್ತದೆ. ಕ್ಯಾಲ್ಸಿಯಂ ಮಾಲ್ಟಿನ ಫಾಸ್ಫೇಟ್‌ನೊಡನೆ ಸೇರಿ ಪಿಎಚ್ ಇಳಿಸುತ್ತದೆ, ಬೈಕಾರ್ಬೊನೇಟ್ ಏರಿಸುತ್ತದೆ. ಏರಿದರೆ ಹೊಟ್ಟಿನ ಟ್ಯಾನಿನ್ ಬಿಟ್ಟುಕೊಂಡು ಬಿಯರ್ ಒಗರಾಗುತ್ತದೆ. ಹುರಿದ ಕಪ್ಪು ಮಾಲ್ಟ್ ತಾನೇ ಆಮ್ಲೀಯ. ಲಂಡನ್, ಡಬ್ಲಿನ್‌ಗಳ ನೀರಿಗೆ ಅದು ಒಗ್ಗಿದ್ದು ಹೀಗೆ.

1953ರಲ್ಲಿ ಜರ್ಮನಿಯ ಪೌಲ್ ಕೋಲ್ಬಾಕ್ ಈ ಜಗ್ಗಾಟಕ್ಕೆ ಲೆಕ್ಕ ಕೊಟ್ಟರು. ಉದಾಹರಣೆಗೆ, ನಿಮ್ಮ ನೀರಿನ ಕ್ಷಾರತೆ 250, ಗಡಸುತನ 300 ಎನ್ನೋಣ (ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ ಮಿ.ಗ್ರಾಂ, ಗಡಸೆಲ್ಲ ಕ್ಯಾಲ್ಸಿಯಂನದೇ). 300ನ್ನು 3.5ರಿಂದ ಭಾಗಿಸಿ 250ರಿಂದ ಕಳೆದರೆ ಉಳಿಯುವ ಕ್ಷಾರತೆ ಸುಮಾರು 164. ತಿಳಿ ಬಿಯರ್‌ಗೆ ಇದು ಬಹಳ ಹೆಚ್ಚು. ಕುದಿಸಿ, ತಣಿಸಿ, ತಳದ ಸುಣ್ಣ ಕದಡದಂತೆ ಬಸಿದುಕೊಂಡಾಗ ಎರಡೂ 170ರಷ್ಟು ಇಳಿದವೆನ್ನಿ: ಕ್ಷಾರತೆ 80, ಗಡಸುತನ 130, ಉಳಿಕೆ ಬರೀ 43. ಇನ್ನು ಹತ್ತು ಲೀಟರಿಗೆ ಒಂದು ಗ್ರಾಂ ಜಿಪ್ಸಮ್ ಹಾಕಿದರೆ ಲೀಟರಿಗೆ 23 ಮಿ.ಗ್ರಾಂ ಕ್ಯಾಲ್ಸಿಯಂ ಸೇರಿ ಉಳಿಕೆ ಮತ್ತೆ 17ರಷ್ಟು ಕುಗ್ಗುತ್ತದೆ.

ಇಲ್ಲೊಂದು ಎಚ್ಚರ. ಉಪ್ಪು ಸುರಿದು ನಡೆಸುವ ಮನೆಯ 'ವಾಟರ್ ಸಾಫ್ಟನರ್' ಕ್ಯಾಲ್ಸಿಯಂ ಕಿತ್ತು ಸೋಡಿಯಂ ಕೊಡುತ್ತದೆ, ಬೈಕಾರ್ಬೊನೇಟನ್ನು ಮುಟ್ಟುವುದಿಲ್ಲ. ಬೇಳೆಗೆ ಅದು ವರ, ಬಿಯರ್‌ಗೆ ಅದಕ್ಕಿಂತ ಕೆಟ್ಟದ್ದು ಬೇರೆ ಬೇಡ. ಆರ್‌ಓ ಯಂತ್ರವಾದರೆ ಎರಡನ್ನೂ ತೆಗೆಯುತ್ತದೆ. ಬೇಕಾದ ಲವಣವನ್ನು ಆಮೇಲೆ ತೂಗಿ ಹಾಕಬೇಕು.

ನಮ್ಮ ರಾಜಧಾನಿಯ ನೀರೂ ಒಂದೇ ತೆರನಾಗಿ ಉಳಿದದ್ದಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು, 1974ರಿಂದ ಕಾವೇರಿ, ಅದರ ಜೊತೆಗೆ ಬೋರ್‌ವೆಲ್, ಟ್ಯಾಂಕರು. ದಕ್ಷಿಣ ಭಾರತದ ಬ್ರೂವರಿಗಳನ್ನು ಥಾಮಸ್ ಲೀಷ್‌ಮನ್ ಯುನೈಟೆಡ್ ಬ್ರೂವರೀಸ್ ಎಂದು ಒಗ್ಗೂಡಿಸಿದ್ದು 1915ರಲ್ಲಿ. 2010ರ ದಶಕದಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಪುಟ್ಟ ಬ್ರೂವರಿಗಳು ಕಾವೇರಿಯೂ ಬೋರ್‌ವೆಲ್ಲೂ ಬೆರೆಯುವ ಊರಿನಲ್ಲಿ ಕೆಲಸ ಮಾಡುತ್ತವೆ. ಈ ತಿಂಗಳ ಲೆಕ್ಕ ಮುಂದಿನ ತಿಂಗಳಿಗೆ ಒಪ್ಪಬೇಕೆಂದಿಲ್ಲ.

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಕೇಂದ್ರದ ಕಾನೂನು 1979ರಿಂದ ಅಡ್ಡಿಯಿಲ್ಲದಂತಾಯಿತು. ಅಲ್ಲಿರುವ ನಿಮ್ಮ ನೆಂಟರು ಈ ಲೆಕ್ಕವನ್ನು ಪಾತ್ರೆಗಿಳಿಸಬಹುದು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನೀವು ಮಾಡಬಹುದಾದದ್ದು ಅರ್ಧ ಪ್ರಯೋಗ: ಬೋರ್‌ವೆಲ್ ನೀರಿನ ಕ್ಷಾರತೆ, ಗಡಸುತನ ಎರಡನ್ನೂ ಪರೀಕ್ಷೆ ಮಾಡಿಸಿ, ಹತ್ತು ನಿಮಿಷ ಕುದಿಸಿ ಬಸಿದು, ಮತ್ತೊಮ್ಮೆ ಮಾಡಿಸಿ. ಬಸಿದ ನೀರಿನಲ್ಲಿ ಬೇಳೆ ಬೇಯಿಸಿಯೂ ನೋಡಿ.