ಅಂತರ್ಜಾಲದ ಕಿರುಕುಳ: ನೋಡುಗನ ಮೌನ ಮತ್ತು ಹೊಣೆ

ಮೊಬೈಲ್ ಹಾಗೂ ಅಂತರ್ಜಾಲದ ಮೂಲಕ ಒಬ್ಬ ವ್ಯಕ್ತಿಯನ್ನು ಪದೇ ಪದೇ ಹೀಯಾಳಿಸುವುದು, ಬೆದರಿಸುವುದು, ಚಿತ್ರವನ್ನು ತಿರುಚಿ ಹಂಚುವುದು, ಗುಂಪಿನಿಂದ ಹೊರಗಿಟ್ಟು ಅವಮಾನಿಸುವುದು ಇವೆಲ್ಲವೂ ಸೈಬರ್ ಕಿರುಕುಳ ಎನಿಸಿಕೊಳ್ಳುತ್ತವೆ. ಇಲ್ಲಿ ಪೀಡಕ ಮತ್ತು ಪೀಡಿತ ಇಬ್ಬರೇ ಇರುವುದಿಲ್ಲ. ತರಗತಿಯೊಂದರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪೀಡಿಸುವವರು ಇಬ್ಬರೋ ಮೂವರೋ ಇದ್ದರೆ, ಉಳಿದವರೆಲ್ಲರೂ ನೋಡುಗರು. ತಾನು ಮಾಡದ ತಪ್ಪಿಗೆ ತಾನು ಹೊಣೆಯೇ ಎಂಬುದು ಈ ನೋಡುಗನ ಮುಂದಿರುವ ನೈತಿಕ ಪ್ರಶ್ನೆ.

ಮೌನಕ್ಕೆ ಕಾರಣವೇನು?

1964ರ ಮಾರ್ಚ್ 13ರಂದು ನ್ಯೂಯಾರ್ಕ್ ನಗರದಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಹತ್ಯೆಯಾಯಿತು. 38 ಮಂದಿ ಕಂಡರೂ ಸುಮ್ಮನಿದ್ದರೆಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಆ ವರದಿ ದೋಷಪೂರಿತವಾಗಿತ್ತೆಂದು ಅದೇ ಪತ್ರಿಕೆ 2016ರಲ್ಲಿ ಒಪ್ಪಿಕೊಂಡಿತಾದರೂ, ಘಟನೆಯಿಂದ ಪ್ರೇರಿತವಾದ ಸಂಶೋಧನೆ ಉಳಿದುಕೊಂಡಿತು. ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಟರ್‌ಕಾಮ್ ಮೂಲಕ ಒಬ್ಬನು ಮೂರ್ಛೆಗೊಳಗಾಗುವ ಸದ್ದನ್ನು ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ತಾನೊಬ್ಬನೇ ಕೇಳುತ್ತಿದ್ದೇನೆಂದು ನಂಬಿದವರಲ್ಲಿ ಶೇ. 85ರಷ್ಟು ಮಂದಿ ಆ ಸದ್ದು ನಿಲ್ಲುವ ಮೊದಲೇ ನೆರವಿಗೆ ಧಾವಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಈ ಪ್ರಮಾಣ ಶೇ. 31ಕ್ಕೆ ಇಳಿಯಿತು. ನೋಡುಗರು ಹೆಚ್ಚಿದಷ್ಟೂ ಹೊಣೆ ಹಂಚಿಹೋಗುತ್ತದೆ ಎಂಬುದು ಇದರ ತಾತ್ಪರ್ಯ.

ಅಂತರ್ಜಾಲವೂ ಇದಕ್ಕೆ ಹೊರತಲ್ಲ. ಪ್ಯಾಟ್ರಿಕ್ ಮಾರ್ಕಿ 2000ದಲ್ಲಿ ಪ್ರಕಟಿಸಿದ 400 ಚಾಟ್ ಗುಂಪುಗಳ ಅಧ್ಯಯನದಲ್ಲಿ, ಗುಂಪು ದೊಡ್ಡದಾದಂತೆ ನೆರವು ತಡವಾಯಿತು. ಆದರೆ ಒಬ್ಬರ ಹೆಸರು ಹಿಡಿದು ನೆರವು ಕೇಳಿದಾಗ ಈ ವಿಳಂಬ ಮಾಯವಾಯಿತು.

ಸಂದಿಗ್ಧದ ಮುಖಗಳು

ನೋಡುಗನ ಹಿಂಜರಿಕೆಯನ್ನು ಹೇಡಿತನವೆಂದು ತಳ್ಳಿಹಾಕುವುದು ಸುಲಭ. ವಾಸ್ತವದಲ್ಲಿ ಪೀಡಕನು ಆತನ ಆಪ್ತ ಮಿತ್ರನಾಗಿರಬಹುದು. ಪೀಡಿತಳೇ 'ಮನೆಯಲ್ಲಿ ಹೇಳಬೇಡ, ನನ್ನ ಫೋನ್ ಕಿತ್ತುಕೊಳ್ಳುತ್ತಾರೆ, ಕಾಲೇಜು ಬಿಡಿಸುತ್ತಾರೆ' ಎಂದು ಅಂಗಲಾಚಿರಬಹುದು. ಬಹಿರಂಗವಾಗಿ ಖಂಡಿಸಿದರೆ ಅವಮಾನದ ಸಂಗತಿ ಮತ್ತಷ್ಟು ಜನರಿಗೆ ತಲುಪಬಹುದು. ಮುಂದಿನ ಬಾಣ ತನ್ನತ್ತಲೇ ತಿರುಗಬಹುದು.

ಆದರೂ ಮೌನವು ತಟಸ್ಥವಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬಂತೆ ಪೀಡಕನು ಅದನ್ನು ಒಪ್ಪಿಗೆಯೆಂದೂ, ಪೀಡಿತನು ಅದನ್ನು ತಿರಸ್ಕಾರವೆಂದೂ ಓದಿಕೊಳ್ಳುತ್ತಾನೆ. ದ್ರೌಪದಿಯ ಮಾನಭಂಗವಾದ ಕುರುಸಭೆಯಲ್ಲಿ ಭೀಷ್ಮದ್ರೋಣಾದಿಗಳಿದ್ದರು. ಅನ್ಯಾಯವೆಂದು ಎದ್ದು ನುಡಿದವರಲ್ಲಿ ದುರ್ಯೋಧನನ ತಮ್ಮನಾದ ವಿಕರ್ಣನೂ ಒಬ್ಬ. ಸಭೆ ಅವನ ಮಾತಿಗೆ ಮಣಿಯಲಿಲ್ಲ, ಕರ್ಣನು ಅವನನ್ನು ಜರೆದನು. ಆದರೂ ಹಿರಿಯರ ಮೌನದ ಜೊತೆಗೆ ಕಿರಿಯನ ಮಾತೂ ಜನಮನದಲ್ಲಿ ಉಳಿದಿದೆ.

ನೋಡುಗನ ಮಾತಿಗೆ ಫಲವಿದೆ ಎಂಬುದಕ್ಕೆ ಅಧ್ಯಯನದ ಆಧಾರವೂ ಉಂಟು. ಕೆನಡಾದ ಟೊರಾಂಟೊ ನಗರದ ಶಾಲಾ ಮೈದಾನಗಳ ದೃಶ್ಯಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಸಹಪಾಠಿಗಳು ಮಧ್ಯಪ್ರವೇಶಿಸಿದ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹತ್ತೇ ಸೆಕೆಂಡುಗಳಲ್ಲಿ ನಿಂತಿದ್ದವು.

ಕಾನೂನಿನ ನೋಟ

ಭಾರತದಲ್ಲಿ ಸೈಬರ್ ಕಿರುಕುಳ ಎಂಬ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ಖಾಸಗಿತನದ ಉಲ್ಲಂಘನೆಗೆ 66ಇ, ಅಶ್ಲೀಲ ಪ್ರಸಾರಕ್ಕೆ 67ನೇ ಕಲಮುಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಹಿಳೆಯರನ್ನು ಹಿಂಬಾಲಿಸಿ ಪೀಡಿಸುವುದಕ್ಕೆ 78 ಹಾಗೂ ಬೆದರಿಕೆಗೆ 351ನೇ ಕಲಮುಗಳಿವೆ.

ಸಾಮಾನ್ಯವಾಗಿ ನೋಡುಗನಿಗೆ ದೂರು ನೀಡುವ ಕಾನೂನುಬದ್ಧ ಕಡ್ಡಾಯವಿಲ್ಲ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ವಿಷಯದಲ್ಲಿ ಹಾಗಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಅಂಥ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ತಿಳಿಸದ ಮಗುವಿಗೆ ಮಾತ್ರ ಈ ಶಿಕ್ಷೆಯಿಲ್ಲ.

ನೋಡುಗನು ಮಾಡಬಹುದಾದದ್ದು

* ಹಂಚಬಾರದು, ನಗುವಿನ ಚಿಹ್ನೆಯನ್ನೂ ಒತ್ತಬಾರದು. ಪ್ರೇಕ್ಷಕರಿಲ್ಲದ ಪೀಡನೆ ಬೇಗ ಬಾಡುತ್ತದೆ.
* ಪೀಡಿತರಿಗೆ ಖಾಸಗಿಯಾಗಿ ಸಂದೇಶ ಕಳುಹಿಸಿ, ಅವರು ಒಂಟಿಯಲ್ಲವೆಂದು ತಿಳಿಸಬೇಕು. ಯಾರಿಗೆ ಹೇಳುವುದೆಂಬುದನ್ನು ಅವರೊಡನೆ ಚರ್ಚಿಸಿಯೇ ನಿರ್ಧರಿಸುವುದು ಲೇಸು. ಆದರೆ ಪ್ರಾಣಾಪಾಯದ ಸುಳಿವಿದ್ದಲ್ಲಿ ಗುಟ್ಟು ಕಾಯುವ ಮಾತು ಬದಿಗಿರಲಿ.
* ಪೀಡಕನು ಪರಿಚಿತನಾದರೆ ಗುಂಪಿನಲ್ಲಿ ಜಗಳಕ್ಕಿಳಿಯದೆ ಪ್ರತ್ಯೇಕವಾಗಿ ಬುದ್ಧಿ ಹೇಳುವುದು ಹೆಚ್ಚು ಫಲಕಾರಿ.
* ದಿನಾಂಕ, ಸಮಯ, ಖಾತೆಯ ಹೆಸರು ಕಾಣುವಂತೆ ಸಂದೇಶಗಳ ಚಿತ್ರ ತೆಗೆದಿಡಬೇಕು. ಮಕ್ಕಳ ಅಶ್ಲೀಲ ಚಿತ್ರಗಳನ್ನು ಮಾತ್ರ ಸಾಕ್ಷ್ಯದ ನೆಪದಲ್ಲೂ ಉಳಿಸಬಾರದು, ಕಳುಹಿಸಬಾರದು. 67ಬಿ ಕಲಮಿನಡಿ ಸಂಗ್ರಹಣೆಯೂ ಅಪರಾಧ. ಖಾತೆ ಮತ್ತು ಕೊಂಡಿಯ ವಿವರ ಬರೆದಿಟ್ಟು ತಕ್ಷಣ ದೂರು ನೀಡಬೇಕು.

ರಾಜ್ಯದಲ್ಲಿ ಜಿಲ್ಲಾ ಮಟ್ಟದ ಸಿಇಎನ್ ಪೊಲೀಸ್ ಠಾಣೆಗಳು ಇಂಥ ದೂರುಗಳನ್ನು ಸ್ವೀಕರಿಸುತ್ತವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಶ್ಲೀಲ ಪ್ರಸಾರದ ಬಗ್ಗೆ ಹೆಸರು ಹೇಳದೆಯೂ ತಿಳಿಸಬಹುದು. ಮಕ್ಕಳ ನೆರವಿಗೆ 1098, ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ 14416 ಸಂಖ್ಯೆಗಳಿವೆ. ತಾನೇ ಮುಂದೆ ಬರಲು ಅಂಜುವ ನೋಡುಗನಿಗೂ ಈ ದಾರಿಗಳು ತೆರೆದಿವೆ.